ಕ್ರೀಟ್‌ಗೆ ಹೋಗುವುದಾದರೆ ಯಾವ ತಿಂಗಳು?

ಗ್ರೀಸ್‌ನ ಅತಿ ದೊಡ್ಡ ದ್ವೀಪವಾದ ಕ್ರೀಟ್‌ಗೆ ಯಾವಾಗ ಹೋಗಬೇಕೆಂದು ಯಾರನ್ನು ಕೇಳಿದರೂ ‘ಮೇ ಇಲ್ಲವೇ ಸೆಪ್ಟೆಂಬರ್’ ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ, ಎರಡೂ ತಿಂಗಳು ಒಂದೇ ಎನ್ನುವ ಹಾಗೆ. ಮೇ ತಿಂಗಳಲ್ಲಿ ಬೆಟ್ಟದ ನೆತ್ತಿಯ ಮೇಲೆ ಇನ್ನೂ ಹಿಮ, ಇಳಿಜಾರಿನ ತುಂಬ ಕಾಡುಹೂವು, ಕಡಲಿಗೆ ಕಾಲಿಟ್ಟರೆ ಮೈ ಜುಮ್ಮೆನ್ನುವ ನೀರು. ಸೆಪ್ಟೆಂಬರ್‌ನಲ್ಲಿ ನೆಲವೆಲ್ಲ ಒಣಗಿ ಕಂದು, ಹೂವಿನ ಸುಳಿವಿಲ್ಲ, ಕಡಲು ಮಾತ್ರ ಬೆಚ್ಚಗೆ. ಈಜಲು ಹೋಗುವವರಿಗೂ ಬೆಟ್ಟ ಹತ್ತಲು ಹೋಗುವವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಲ್ಲಿ ಒಬ್ಬರ ದುಡ್ಡು ನೀರಿಗೆ ಬಿದ್ದಂತೆಯೇ.

ಮೊದಲು ದ್ವೀಪದ ಆಕಾರ ತಿಳಿದಿರಬೇಕು. ಪೂರ್ವ-ಪಶ್ಚಿಮವಾಗಿ ಸುಮಾರು 260 ಕಿ.ಮೀ. ಉದ್ದ, ಅಗಲ ಹೆಚ್ಚೆಂದರೆ 60, ಯೆರಾಪೆತ್ರಾ ಬಳಿ ಬರೀ 12 ಕಿ.ಮೀ. ನಡುವೆ ಬೆನ್ನೆಲುಬಿನಂತೆ ಬೆಟ್ಟಸಾಲು. ಪಶ್ಚಿಮದಲ್ಲಿ ಲೆಫ್ಕಾ ಓರಿ, ಅಂದರೆ ಬಿಳಿಬೆಟ್ಟಗಳು, 2,453 ಮೀಟರ್, ಮಧ್ಯದಲ್ಲಿ ಪ್ಸಿಲೊರಿಟಿಸ್, 2,456 ಮೀಟರ್, ಪೂರ್ವಕ್ಕೆ ಡಿಕ್ಟಿ. ಚಳಿಗಾಲದ ಮಳೆಮೋಡ ಪಶ್ಚಿಮದಿಂದ ಬಂದು ಮೊದಲು ಬಿಳಿಬೆಟ್ಟಕ್ಕೆ ಬಡಿಯುತ್ತದೆ, ತನ್ನ ಹೊರೆಯನ್ನೆಲ್ಲ ಅಲ್ಲೇ ಇಳಿಸುತ್ತದೆ. ಹಾಗಾಗಿ ಪಶ್ಚಿಮದ ಖಾನಿಯಾ ಹಸಿ, ಪೂರ್ವದ ಸಿತಿಯಾ ಮತ್ತು ಆಗ್ನೇಯದ ಯೆರಾಪೆತ್ರಾ ಒಣ. ಪಶ್ಚಿಮ ಘಟ್ಟದ ಈಚೆ-ಆಚೆಯ ಮಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾರ್ಚ್ ಅಥವಾ ನವೆಂಬರ್‌ನಲ್ಲಿ ಹೋಗುವವರು ಖಾನಿಯಾ ಬಿಟ್ಟು ಯೆರಾಪೆತ್ರಾ ಕಡೆ ತಂಗಿದರೆ ಬಿಸಿಲು ಸಿಗುವ ಸಾಧ್ಯತೆ ಹೆಚ್ಚು. ಟೊಮೆಟೊ, ಸೌತೆಕಾಯಿಯ ಹಸಿರುಮನೆಗಳು ಆ ಊರಿನ ಸುತ್ತ ತುಂಬಿರುವುದೂ ಇದೇ ಕಾರಣಕ್ಕೆ.

ಎರಡನೆಯ ಸಂಗತಿ ಕಡಲಿನ ನೀರು. ಬಹಳ ಮಂದಿ ಗಾಳಿಯ ಉಷ್ಣಾಂಶ ನೋಡಿ ಟಿಕೆಟ್ ತೆಗೆಯುತ್ತಾರೆ, ಅಲ್ಲೇ ಎಡವುತ್ತಾರೆ. ಮೇ ಮಧ್ಯದಲ್ಲೂ ಅಕ್ಟೋಬರ್ ಮಧ್ಯದಲ್ಲೂ ಉತ್ತರ ತೀರದ ದೊಡ್ಡ ಊರಾದ ಹೆರಾಕ್ಲಿಯಾನ್‌ನ ಹಗಲು ಹೆಚ್ಚುಕಡಿಮೆ ಒಂದೇ, 23–24 ಡಿಗ್ರಿ. ನೀರು ಮಾತ್ರ ಮೇ ತಿಂಗಳಲ್ಲಿ 19–20, ಅಕ್ಟೋಬರ್‌ನಲ್ಲಿ 23. ದೊಡ್ಡ ಹಂಡೆಯ ನೀರಿನ ಹಾಗೆ ಕಡಲು ಕಾಯುವುದೂ ನಿಧಾನ, ಆರುವುದೂ ನಿಧಾನ. ಫೆಬ್ರವರಿ-ಮಾರ್ಚ್‌ನಲ್ಲಿ 16ಕ್ಕೆ ಇಳಿದಿದ್ದ ನೀರು ಜೂನ್ ಕೊನೆಗೆ 23ಕ್ಕೆ ಬರುತ್ತದೆ, ಆಗಸ್ಟ್‌ನಲ್ಲಿ 25–26 ಮುಟ್ಟುತ್ತದೆ, ಸೆಪ್ಟೆಂಬರ್ ಪೂರ್ತಿ ಅದರ ಹತ್ತಿರವೇ ಇರುತ್ತದೆ. ಮಲ್ಪೆ, ಗೋಕರ್ಣದ ಕಡಲು 27ಕ್ಕಿಂತ ಕೆಳಗಿಳಿಯುವುದೇ ಅಪರೂಪ. ಆ ನೀರಿಗೆ ಒಗ್ಗಿದ ಮೈಗೆ ಕ್ರೀಟ್‌ನ ಆಗಸ್ಟ್ ನೀರೂ ಮೊದಲ ಮುಳುಗಿಗೆ ತಣ್ಣಗೇ. ಇನ್ನು ಮೇ ತಿಂಗಳಲ್ಲಿ ಮಕ್ಕಳು ಐದು ನಿಮಿಷಕ್ಕೆ ತುಟಿ ನೀಲಿ ಮಾಡಿಕೊಂಡು ದಡಕ್ಕೆ ಬಂದು ಕೂರುತ್ತಾರೆ. ಉತ್ತರ ಯುರೋಪಿನವರು ಅದೇ ನೀರಲ್ಲಿ ಗಂಟೆಗಟ್ಟಲೆ ಈಜುತ್ತಿರುವುದನ್ನು ನೋಡಿ ಮೋಸ ಹೋಗಬೇಡಿ.

ಮೂರನೆಯದು ಗಾಳಿ. ಬೇಸಿಗೆಯ ಕ್ರೀಟ್ ಬಗ್ಗೆ ಬರೆಯುವವರು ಇದನ್ನೇ ಮರೆಯುತ್ತಾರೆ. ಜೂನ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರಗಳವರೆಗೆ ಗ್ರೀಸ್ ಮತ್ತು ತುರ್ಕಿಯ ನಡುವಿನ ಏಜಿಯನ್ ಕಡಲಿನ ಮೇಲೆ ಉತ್ತರದಿಂದ ಬೀಸುವ ಗಾಳಿಗೆ ಮೆಲ್ತೆಮಿ ಎನ್ನುತ್ತಾರೆ. ಜುಲೈ-ಆಗಸ್ಟ್‌ನಲ್ಲಿ ಇದರ ಅಬ್ಬರ ಹೆಚ್ಚು. ಬಾಲ್ಕನ್ ಮೇಲೆ ಹೆಚ್ಚಿನ ಒತ್ತಡ, ತುರ್ಕಿಯ ಮೇಲೆ ಕಡಿಮೆ ಒತ್ತಡ. ನಡುವೆ ಗಾಳಿ ಹರಿಯುತ್ತದೆ. ತುರ್ಕಿಯ ಮೇಲಿನ ಆ ಕಡಿಮೆ ಒತ್ತಡ ನಮ್ಮ ಮುಂಗಾರಿನ ಕಡಿಮೆ ಒತ್ತಡದ್ದೇ ಚಾಚಿದ ತೋಳು. ಮುಂಗಾರಿನಲ್ಲಿ ದಕ್ಷಿಣ ಏಷ್ಯಾದ ಮೇಲೆ ಏರುವ ಬಿಸಿ ಗಾಳಿಯ ಪರಿಣಾಮವಾಗಿ ಪೂರ್ವ ಮೆಡಿಟರೇನಿಯನ್ ಮೇಲೆ ಗಾಳಿ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಒಣಗುತ್ತದೆ, ಮೋಡ ಕಟ್ಟಲು ಬಿಡುವುದಿಲ್ಲ. ಆಗುಂಬೆಯಲ್ಲಿ ಮಳೆ ಜಡಿಯುವ ಜುಲೈಯಲ್ಲಿ ಕ್ರೀಟ್‌ನ ಆಕಾಶದಲ್ಲಿ ಒಂದು ಮೋಡದ ತುಣುಕೂ ಇಲ್ಲದಿರುವುದಕ್ಕೂ ನಮ್ಮ ಮುಂಗಾರಿಗೂ ಹೀಗೆ ನಂಟಿದೆ.

ಮೆಲ್ತೆಮಿಯಿಂದ ಲಾಭವೂ ಉಂಟು, ಧಗೆ ಕಡಿಮೆಯಾಗುತ್ತದೆ. ಅಪಾಯ ಇರುವುದು ಉತ್ತರ ತೀರದಲ್ಲಿ. ರೆಥಿಮ್ನೊದ ಉದ್ದನೆಯ ಮರಳತೀರ, ಮಲಿಯಾ, ಹೆರಾಕ್ಲಿಯಾನ್ ಸುತ್ತಲಿನ ಬೀಚ್‌ಗಳೆಲ್ಲ ಉತ್ತರಕ್ಕೆ ಮುಖ ಮಾಡಿವೆ. ಗಾಳಿ ಎದ್ದ ದಿನ ಅಲೆ ದಡಕ್ಕೆ ಅಪ್ಪಳಿಸಿ, ಹಿಂದಿರುಗುವ ನೀರು ಒಂದು ಕಿರಿದಾದ ಜಾಗ ಹಿಡಿದು ಒಳಕ್ಕೆ ಎಳೆಯುತ್ತದೆ. ಸುತ್ತಲೂ ನೊರೆಯಿದ್ದು ಆ ಪಟ್ಟಿಯಲ್ಲಿ ಮಾತ್ರ ನೀರು ನಯವಾಗಿ, ಕಪ್ಪಾಗಿ ಕಾಣುವುದರಿಂದ ಗೊತ್ತಿಲ್ಲದವರು ಇಲ್ಲೇ ಅಲೆ ಕಡಿಮೆ ಎಂದು ಇಳಿಯುತ್ತಾರೆ. ಕೆಂಪು ಬಾವುಟ ಹಾರಿದ ದಿನ ನೀರಿಗಿಳಿಯಬಾರದು, ಮೊಣಕಾಲುದ್ದಕ್ಕೂ. ಎಳೆತಕ್ಕೆ ಸಿಕ್ಕಿದರೆ ದಡದ ಕಡೆ ಗುದ್ದಾಡದೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು.

ಉತ್ತರದಲ್ಲಿ ಗಾಳಿಯಿದ್ದರೆ ದಕ್ಷಿಣಕ್ಕೆ ಹೋಗಿ ಎನ್ನುವ ಸಲಹೆ ಅರ್ಧ ನಿಜ. ಬೆಟ್ಟದ ಮರೆಯಿಂದಾಗಿ ದಕ್ಷಿಣದ ನೀರು ಚಪ್ಪಟೆಯಾಗಿರುತ್ತದೆ. ಆದರೆ ಕಣಿವೆಗಳ ಬಾಯಿಯಿಂದ ಗಾಳಿ ಇನ್ನೂ ಜೋರಾಗಿ ನುಗ್ಗುತ್ತದೆ. ಪ್ಲಕ್ಯಾಸ್‌ನಲ್ಲಿ ನೀರು ಶಾಂತವಿರುವ ದಿನವೂ ಮರಳು ಹಾರಿ ಕಾಲಿಗೆ ಚುಚ್ಚುವುದುಂಟು, ಕೊಡೆ ನಿಲ್ಲುವುದಿಲ್ಲ. ಗಾಳಿ ತುಂಬಿದ ಆಟಿಕೆಯ ಮೇಲೆ ಮಗುವನ್ನು ಕೂರಿಸಿದರೆ ಆಫ್ರಿಕಾದ ದಿಕ್ಕಿಗೆ ತೇಲಿ ಹೋಗುತ್ತದೆ. ಇದು ತಮಾಷೆಯ ಮಾತಲ್ಲ. ಬೆಟ್ಟಕ್ಕೆ ಬೆನ್ನು ಕೊಟ್ಟು ಕೂತಿರುವ ಲೂತ್ರೊದಂಥ ಕೊಲ್ಲಿಗಳು ಮೇಲು. ಪಲೆಯೊಖೋರಾದಲ್ಲಿ ಊರಿನ ಎರಡೂ ಬದಿ ತೀರವಿದೆ: ಪಶ್ಚಿಮದ್ದು ಮರಳು, ಪೂರ್ವದ್ದು ಬೆಣಚುಕಲ್ಲು. ಗಾಳಿಯ ದಿನ ಊರವರು ಸುಮ್ಮನೆ ಕಲ್ಲಿನ ತೀರಕ್ಕೆ ಹೋಗುತ್ತಾರೆ, ಐದು ನಿಮಿಷದ ನಡಿಗೆ. ಕುಟುಂಬದೊಂದಿಗೆ ಜುಲೈ-ಆಗಸ್ಟ್‌ನಲ್ಲೇ ಹೋಗಬೇಕಾಗಿ ಬಂದರೆ ಇಂಥ ಎರಡು ತೀರಗಳ ಊರನ್ನೇ ಆರಿಸಿಕೊಳ್ಳಿ. ರಬ್ಬರ್ ತಳದ ನೀರಿನ ಚಪ್ಪಲಿಯೂ ಜೊತೆಗಿರಲಿ.

ಹಡಗುಗಳಿಗೂ ಗಾಳಿಯೇ ಯಜಮಾನ. ಗಾಳಿಯ ಬಲ ಅಳೆಯುವ ಬೋಫೋರ್ಟ್ ಮಾಪನದಲ್ಲಿ ಅದು 8ಕ್ಕೆ ಬಂದರೆ ದೊಡ್ಡ ಹಡಗುಗಳನ್ನೂ ಬಂದರಿನಲ್ಲೇ ತಡೆಯುತ್ತಾರೆ. ಸ್ಯಾಂಟೊರಿನಿ ದ್ವೀಪ ಮತ್ತು ಹೆರಾಕ್ಲಿಯಾನ್ ನಡುವೆ ಓಡುವ ವೇಗದ ದೋಣಿಗಳು ಅದಕ್ಕೂ ಮೊದಲೇ ನಿಲ್ಲುತ್ತವೆ. ಸ್ಯಾಂಟೊರಿನಿ ಮುಗಿಸಿ ಕ್ರೀಟ್‌ಗೆ ಬಂದು ಅದೇ ದಿನ ವಿಮಾನ ಹಿಡಿಯುವ ಯೋಜನೆ ಆಗಸ್ಟ್‌ನಲ್ಲಿ ಶುದ್ಧ ಜೂಜು. ನಡುವೆ ಕನಿಷ್ಠ ಒಂದು ರಾತ್ರಿ ಬಿಡಿ. ಅಥೆನ್ಸ್‌ನ ಬಂದರು ಪಿರೇಯಸ್‌ನಿಂದ ಕ್ರೀಟ್‌ಗೆ ರಾತ್ರಿಯಿಡೀ ಸಾಗುವ ದೊಡ್ಡ ಹಡಗುಗಳು ವರ್ಷಪೂರ್ತಿ ಇವೆ, ಸುಮಾರು 9 ಗಂಟೆ. ಗಾಳಿಯ ಕಾಲದಲ್ಲಿ ಅವೇ ಹೆಚ್ಚು ಭರವಸೆಯವು.

ಇನ್ನು ನಡೆಯುವವರ ವಿಷಯ. ಬಿಳಿಬೆಟ್ಟಗಳ ನಡುವಿನ ಸಮರಿಯಾ ಕಮರಿ ನೋಡಲೆಂದೇ ಕ್ರೀಟ್‌ಗೆ ಹೋಗುವವರಿದ್ದಾರೆ. ಸಾಮಾನ್ಯವಾಗಿ ಮೇ 1ರಿಂದ ಅಕ್ಟೋಬರ್ ಕೊನೆಯವರೆಗೆ ತೆರೆದಿರುತ್ತದೆ, ಆದರೆ ಆ ತಾರೀಖನ್ನು ಕಲ್ಲಿನಲ್ಲಿ ಕೆತ್ತಿಲ್ಲ. ಹಿಮ ಕರಗುವ ನೀರು ಹೊಳೆಯಲ್ಲಿ ಹೆಚ್ಚಿದ್ದರೆ ಮೇ ಮೊದಲ ವಾರ ತೆರೆಯುವುದು ತಡವಾಗುತ್ತದೆ. ಮಳೆ ಬಂದರೆ ಮೇಲಿಂದ ಕಲ್ಲು ಉರುಳುವ ಭಯಕ್ಕೆ ಮುಚ್ಚುತ್ತಾರೆ. ವಿಪರೀತ ಬಿಸಿಲಿನ ಎಚ್ಚರಿಕೆ ಬಂದ ದಿನವೂ ಮುಚ್ಚುತ್ತಾರೆ. ಕಮರಿಯನ್ನು ಪ್ರವಾಸದ ಎರಡನೇ ದಿನಕ್ಕೆ ಇಟ್ಟುಕೊಳ್ಳಿ. ಅಂದು ತಪ್ಪಿದರೆ ಮತ್ತೆ ಪ್ರಯತ್ನಿಸಲು ದಿನಗಳು ಉಳಿದಿರುತ್ತವೆ. ಕೊನೆಯ ದಿನಕ್ಕೆ ಇಟ್ಟವರು ಖಾಲಿ ಕೈಯಲ್ಲಿ ಮರಳುತ್ತಾರೆ.

ದಾರಿ ಒಟ್ಟು 16 ಕಿ.ಮೀ. ಓಮಲೊಸ್ ಪ್ರಸ್ಥಭೂಮಿಯ ಅಂಚಿನಲ್ಲಿ ಸುಮಾರು 1,230 ಮೀಟರ್ ಎತ್ತರದಿಂದ ಹೊರಟು ದಕ್ಷಿಣದ ಲಿಬಿಯನ್ ಕಡಲಿನ ದಡಕ್ಕೆ ಇಳಿಯುವುದು, 5ರಿಂದ 7 ಗಂಟೆ. ಮೊದಲ ಎರಡು-ಮೂರು ಕಿಲೋಮೀಟರ್ ಕಡಿದಾದ ಇಳಿತ, ಮಂಡಿ ಹಿಡಿಯುವುದು ಅಲ್ಲೇ. ಅದರ ನೋವು ಗೊತ್ತಾಗುವುದು ಮಾತ್ರ ಕೊನೆಯ ಬಯಲಲ್ಲಿ, ನೆರಳಿಲ್ಲದ ಬಿಸಿಲಿನಲ್ಲಿ. ದಾರಿಯಲ್ಲಿ ಊಟೆಯ ನೀರು ತುಂಬಿಸಿಕೊಳ್ಳುವ ಜಾಗಗಳಿವೆ, ಒಂದು ಲೀಟರ್ ಬಾಟಲಿ ಸಾಕು. ಸ್ಯಾಂಡಲ್ ಬೇಡ, ಬೆರಳು ಮುಚ್ಚುವ ಗಟ್ಟಿ ಶೂ ಬೇಕು. ಸುಮಾರು 300 ಮೀಟರ್ ಎತ್ತರದ ಗೋಡೆಗಳು ಮೂರು-ನಾಲ್ಕು ಮೀಟರ್ ಅಂತರಕ್ಕೆ ಬಂದು ನಿಲ್ಲುವ ‘ಬಾಗಿಲು’ ಸಿಗುವುದು ಕೊನೆಯ ಭಾಗದಲ್ಲಿ. ಕೆಳಗಿನ ಊರು ಅಯಿಯಾ ರೂಮೆಲಿಗೆ ರಸ್ತೆಯೇ ಇಲ್ಲ. ಸಂಜೆಯ ದೋಣಿ ಹಿಡಿದು ಸೂಯಾ ಅಥವಾ ಖೋರಾ ಸ್ಫಾಕಿಯೊನ್‌ಗೆ ಹೋಗಿ, ಅಲ್ಲಿಂದ ಖಾನಿಯಾಕ್ಕೆ ಬಸ್ಸು. ದಕ್ಷಿಣದ ಗಾಳಿ ಎದ್ದು ದೋಣಿ ನಿಂತರೆ ರಾತ್ರಿ ಅಲ್ಲೇ ಉಳಿಯಬೇಕು, ಆದ್ದರಿಂದ ಮಾತ್ರೆ, ಚಾರ್ಜರ್, ಒಂದಿಷ್ಟು ನಗದು ಚೀಲದಲ್ಲಿರಲಿ. ಸ್ವಂತ ಕಾರನ್ನು ಓಮಲೊಸ್‌ನಲ್ಲಿ ಬಿಟ್ಟು ಇಳಿದರೆ ಅದನ್ನು ತರಲು ಮತ್ತೆ ಬೆಟ್ಟದ ಮೇಲಕ್ಕೆ ಹೋಗಬೇಕಾಗುತ್ತದೆ. ಬೆಳಗಿನ ಮೊದಲ ಬಸ್ಸೇ ಒಳ್ಳೆಯದು. ಇದಕ್ಕೆಲ್ಲ ಸರಿಯಾದ ಕಾಲ ಮೇ ಎರಡನೇ ವಾರದಿಂದ ಜೂನ್ ಮೊದಲ ವಾರ, ಇಲ್ಲವೇ ಸೆಪ್ಟೆಂಬರ್ ಕೊನೆ.

ಹೂವು ನೋಡುವವರು ಇನ್ನೂ ಮೊದಲೇ ಹೋಗಬೇಕು. ಸ್ಪಿಲಿ ಊರಿನ ಸುತ್ತ ಕಾಡು ಆರ್ಕಿಡ್‌ಗಳು ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ, ಓಮಲೊಸ್‌ನ ಕಾಡು ಟ್ಯೂಲಿಪ್‌ಗಳು ಏಪ್ರಿಲ್‌ನಲ್ಲಿ. ಜೂನ್ ಹೊತ್ತಿಗೆ ಎಲ್ಲ ಒಣಹುಲ್ಲು. ಇದೇ ತಿಂಗಳುಗಳಲ್ಲಿ ಆಫ್ರಿಕಾದಿಂದ ಬಿಸಿ ದೂಳು ಹೊತ್ತ ದಕ್ಷಿಣದ ಗಾಳಿಯೂ ಬರುತ್ತದೆ. 2018ರ ಮಾರ್ಚ್‌ನಲ್ಲಿ ದ್ವೀಪವಿಡೀ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅಸ್ತಮಾ ಇರುವವರು ಇನ್ಹೇಲರ್ ಮರೆಯದಿರಲಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ.

ವಸಂತದಲ್ಲಿ ಹೋಗುವವರು ಕ್ಯಾಲೆಂಡರ್‌ನಲ್ಲಿ ಮೊದಲು ನೋಡಬೇಕಾದ್ದು ಗ್ರೀಕರ ಚರ್ಚು ಆಚರಿಸುವ ಆರ್ಥೊಡಾಕ್ಸ್ ಈಸ್ಟರ್. ನಮ್ಮ ಪಂಚಾಂಗದ ಹಬ್ಬಗಳಂತೆ ಅದೂ ವರ್ಷವರ್ಷ ಜರುಗುತ್ತದೆ: 2026ರಲ್ಲಿ ಏಪ್ರಿಲ್ 12, 2027ರಲ್ಲಿ ಮೇ 2, 2028ರಲ್ಲಿ ಏಪ್ರಿಲ್ 16. ಆ ವಾರ ಅಥೆನ್ಸ್‌ನವರೆಲ್ಲ ಊರಿಗೆ ಹೊರಡುತ್ತಾರೆ, ಹಡಗಿನಲ್ಲಿ ಜಾಗವಿರುವುದಿಲ್ಲ. ಶುಕ್ರವಾರದಿಂದ ಸೋಮವಾರದವರೆಗೆ ಅಂಗಡಿ, ಮ್ಯೂಸಿಯಂಗಳ ಸಮಯವೂ ಬದಲು. ಶನಿವಾರ ನಡುರಾತ್ರಿ ಚರ್ಚಿನಂಗಳದಲ್ಲಿ ಜುದಾಸನ ಬೊಂಬೆಯನ್ನು ಸುಡುವುದು, ಮೇಣದಬತ್ತಿ ಹಿಡಿದು ಮನೆಗೆ ಹೋಗುವುದು ನೋಡುವಂಥದ್ದು. ಭಾನುವಾರ ಬೀದಿಬೀದಿಯಲ್ಲಿ ಕುರಿಮರಿ ಸುಡುವ ಹೊಗೆ. ಸಸ್ಯಾಹಾರಿಗಳಿಗೆ ಅದು ಸುಲಭದ ದಿನವಲ್ಲ.

ಅದರ ಹಿಂದಿನ 48 ದಿನಗಳು ಮಾತ್ರ ಸಸ್ಯಾಹಾರಿಗಳಿಗೆ ವರದಾನ. ಉಪವಾಸದ ಕಾಲವಾದ್ದರಿಂದ ಮಾಂಸ, ಮೊಟ್ಟೆ, ಹಾಲಿನ ಪದಾರ್ಥ ಇಲ್ಲದ ಅಡುಗೆ ಎಲ್ಲ ತವೆರ್ನಾಗಳಲ್ಲೂ, ಅಂದರೆ ಊಟದ ಹೋಟೆಲುಗಳಲ್ಲೂ ಇರುತ್ತದೆ: ಬೇಯಿಸಿ ಆಲಿವ್ ಎಣ್ಣೆ, ನಿಂಬೆರಸ ಹಾಕಿದ ಕಾಡುಸೊಪ್ಪು, ಹಳದಿ ಬೇಳೆಯನ್ನು ಮಸೆದು ಮಾಡುವ ಫಾವಾ, ಟೊಮೆಟೊದಲ್ಲಿ ಬೇಯಿಸಿದ ದೊಡ್ಡ ಬಿಳಿ ಕಾಳು, ಅನ್ನ ತುಂಬಿದ ದ್ರಾಕ್ಷಿ ಎಲೆ. ‘ನಿಸ್ತಿಸಿಮೊ’ ಎಂದು ಕೇಳಿದರೆ ಉಪವಾಸದ ಅಡುಗೆ ತೋರಿಸುತ್ತಾರೆ. ಇಲ್ಲೊಂದು ಎಚ್ಚರಿಕೆ ಬೇಕು. ಅವರ ಉಪವಾಸಕ್ಕೆ ರಕ್ತವಿಲ್ಲದ ಕಡಲಜೀವಿಗಳು ನಡೆಯುತ್ತವೆ, ಸಿಗಡಿ, ಕಪ್ಪೆಬೊಂಡಾಸ್ (ಕಟ್ಲ್‌ಫಿಶ್), ಆಕ್ಟೋಪಸ್ ಎಲ್ಲ ನಿಸ್ತಿಸಿಮೊ ಪಟ್ಟಿಯಲ್ಲೇ. ‘ಹೋರಿಸ್ ಕ್ರೆಯಾಸ್, ಹೋರಿಸ್ ಥಲಸಿನಾ’, ಅಂದರೆ ಮಾಂಸ ಬೇಡ, ಕಡಲಿನದ್ದೂ ಬೇಡ ಎಂದು ಎರಡನ್ನೂ ಹೇಳಬೇಕು. ಆಗಸ್ಟ್ 1ರಿಂದ 14ರವರೆಗೂ ಇಂಥದೇ ಉಪವಾಸವಿದೆ, ಆದರೆ ಪ್ರವಾಸಿಗರ ಜಾತ್ರೆಯಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಬಾರ್ಲಿ ರಸ್ಕಿನ ಮೇಲೆ ತುರಿದ ಟೊಮೆಟೊ, ಮೆತ್ತನೆ ಚೀಸ್ ಹಾಕಿ ಕೊಡುವ ಡಾಕೊಸ್ ತಿನ್ನಬೇಕಾದ್ದು ಬಿಸಿಲಲ್ಲಿ ಹಣ್ಣಾದ ಟೊಮೆಟೊ ಬರುವ ಜುಲೈ-ಸೆಪ್ಟೆಂಬರ್‌ನಲ್ಲಿ. ಏಪ್ರಿಲ್‌ನ ಡಾಕೊಸ್ ಸಪ್ಪೆ.

ಜುಲೈ-ಆಗಸ್ಟ್ ಬಗ್ಗೆ ಹೆಚ್ಚು ಹೇಳಲು ಮನಸ್ಸಿಲ್ಲ. ಕೋಣೆಯ ಬಾಡಿಗೆ ಮೇ ತಿಂಗಳಿನ ಎರಡು ಪಟ್ಟಾಗುವುದು ಸಾಮಾನ್ಯ, ಆಗಸ್ಟ್ 15ರ ಮೇರಿ ಹಬ್ಬದ ಸುತ್ತ ದುಡ್ಡು ಕೊಟ್ಟರೂ ಕೋಣೆ ಇರುವುದಿಲ್ಲ. ಎಲಫೊನಿಸಿಯ ಗುಲಾಬಿ ಮರಳು ನೋಡಲು ಹತ್ತು ಗಂಟೆಗೆ ತಲುಪಿದರೆ ಕಾಣುವುದು ಕೊಡೆಗಳು. ಒಂಬತ್ತಕ್ಕೆ ಮೊದಲು ಅಥವಾ ನಾಲ್ಕರ ಮೇಲೆ ಹೋಗಬೇಕು. ಕ್ನಾಸೊಸ್ ಅರಮನೆಯ ಅವಶೇಷಗಳಲ್ಲಿ ನೆರಳು ಕಡಿಮೆ, ಹೆರಾಕ್ಲಿಯಾನ್ ಬಂದರಿಗೆ ಕ್ರೂಸ್ ಹಡಗು ಬಂದ ದಿನ ಸಾಲೂ ಉದ್ದ. ಬೆಳಗ್ಗೆ ಎಂಟಕ್ಕೇ ಬಾಗಿಲಲ್ಲಿರಿ, ಮಧ್ಯಾಹ್ನವನ್ನು ಊರೊಳಗಿನ ತಂಪು ಮ್ಯೂಸಿಯಂಗೆ ಇಟ್ಟುಕೊಳ್ಳಿ. ಬಿಸಿಗಾಳಿ ಈಗ ಜೂನ್‌ನಲ್ಲೇ ಬರತೊಡಗಿದೆ: 2024ರ ಜೂನ್ ಎರಡನೇ ವಾರ ಉಷ್ಣಾಂಶ 40 ದಾಟಿತ್ತು. 2025ರ ಜುಲೈ ಆರಂಭದಲ್ಲಿ ಯೆರಾಪೆತ್ರಾ ಬಳಿ ಕಾಳ್ಗಿಚ್ಚು ಜೋರು ಗಾಳಿಗೆ ಹಬ್ಬಿ ಸಾವಿರಾರು ಜನರನ್ನು ಸ್ಥಳಾಂತರಿಸಬೇಕಾಯಿತು. ತುರ್ತು ಸಂಖ್ಯೆ 112. ಆ ಸೇವೆಯ ಎಚ್ಚರಿಕೆಗಳು ಮೊಬೈಲ್‌ಗೆ ಇಂಗ್ಲಿಷ್‌ನಲ್ಲೂ ಬರುತ್ತವೆ, ಸದ್ದು ಬಂದರೆ ಅಳಿಸಿಹಾಕದೆ ಓದಿ.

ನಮ್ಮ ಆಯ್ಕೆ ಕೇಳಿದರೆ: ಈಜು ಮುಖ್ಯವಾದರೆ ಸೆಪ್ಟೆಂಬರ್ 15ರಿಂದ ಅಕ್ಟೋಬರ್ 10. ಗಾಳಿ ಇಳಿದಿರುತ್ತದೆ, ನೀರು ಬೆಚ್ಚಗಿರುತ್ತದೆ, ಯುರೋಪಿನ ಮಕ್ಕಳು ಶಾಲೆಗೆ ಮರಳಿರುತ್ತಾರೆ, ದ್ರಾಕ್ಷಿ-ಅಂಜೂರ ಮಾರುಕಟ್ಟೆಯಲ್ಲಿರುತ್ತವೆ. ಅಕ್ಟೋಬರ್ ಮಧ್ಯದ ನಂತರ ಮಳೆಯ ಲೆಕ್ಕ ಬೇರೆಯಾಗುತ್ತದೆ. ವಾರಗಟ್ಟಲೆ ಬಿಸಿಲಿದ್ದು ಒಂದೇ ದಿನ ಸುರಿದುಬಿಡಬಹುದು. 2022ರ ಅಕ್ಟೋಬರ್ 15ರಂದು ಹೆರಾಕ್ಲಿಯಾನ್ ಹತ್ತಿರದ ಅಯಿಯಾ ಪೆಲಾಯಿಯಾದಲ್ಲಿ ಪ್ರವಾಹ ಕಾರುಗಳನ್ನು ಕಡಲಿಗೆ ಎಳೆದೊಯ್ದಿತ್ತು. ಒಣಗಿದ ಹಳ್ಳದ ಪಾತ್ರದಲ್ಲಿ ಕಾರು ನಿಲ್ಲಿಸಬಾರದು. ತಿಂಗಳ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವುದರಿಂದ ಸಂಜೆ ಐದೂವರೆಗೇ ಸೂರ್ಯಾಸ್ತ. ಆದರೂ ಅಕ್ಟೋಬರ್ ಕೊನೆಗೆ ಹೋಗುವವರಿಗೆ ಹಳ್ಳಿಗಳಲ್ಲಿ ದ್ರಾಕ್ಷಿಯ ಗಸಿಯಿಂದ ರಾಕಿ ಎಂಬ ಮದ್ಯ ಇಳಿಸುವ ತಾಮ್ರದ ಹಂಡೆಗಳು ಒಲೆಯೇರಿರುವುದು ಕಾಣುತ್ತದೆ. ಕುಡಿಯದವರಿಗೂ ಪಕ್ಕದ ಕೆಂಡದಲ್ಲಿ ಸುಟ್ಟ ಆಲೂಗಡ್ಡೆ, ಬೇಕಾದಷ್ಟು ದಾಳಿಂಬೆ ಸಿಗುತ್ತದೆ.

ನವೆಂಬರ್‌ನಿಂದ ಮಾರ್ಚ್: ಮಲಿಯಾ, ಹೆರ್ಸೊನಿಸೊಸ್, ಎಲೂಂಡಾದಂಥ ಪ್ರವಾಸಿ ಊರುಗಳು ಬಹುಪಾಲು ಬಾಗಿಲು ಹಾಕುತ್ತವೆ. ಖಾನಿಯಾ, ರೆಥಿಮ್ನೊ, ಹೆರಾಕ್ಲಿಯಾನ್ ಜನ ಬಾಳುವ ಊರುಗಳಾದ್ದರಿಂದ ಎಂದಿನಂತೆಯೇ ಇರುತ್ತವೆ. ಕೋಣೆ ಕಾದಿರಿಸುವಾಗ ಬಿಸಿ ಮಾಡುವ ವ್ಯವಸ್ಥೆ ಇದೆಯೇ ಎಂದು ಕೇಳಿಯೇ ಕೇಳಿ. ಖಾನಿಯಾದ ಹಳೆಯ ಕಲ್ಲುಮನೆಗಳು ಫೋಟೊದಲ್ಲಿ ಚಂದ, ಜನವರಿಯಲ್ಲಿ ಗೋಡೆಯಿಂದ ಶೀತ ಇಳಿಯುತ್ತದೆ.

ಕರ್ನಾಟಕದವರಿಗೆ ಅದೃಷ್ಟವಶಾತ್ ಶಾಲೆಯ ರಜೆಗಳು ಕ್ರೀಟ್‌ನ ಒಳ್ಳೆಯ ಕಾಲಕ್ಕೇ ಬರುತ್ತವೆ. ಬೇಸಿಗೆ ರಜೆಯ ಕೊನೆಯ ಭಾಗ, ಅಂದರೆ ಮೇ 10–28, ಬೆಟ್ಟಕ್ಕೂ ಊರು ಸುತ್ತಲಿಕ್ಕೂ ಸರಿ. ಸಂಜೆಗೊಂದು ಸ್ವೆಟರ್ ಬೇಕು. ದಸರಾ ರಜೆ ಕಡಲಿಗೆ ಸರಿ. ಗ್ರೀಸ್‌ಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ನಿಯಮದ ಪ್ರಕಾರ ಕನಿಷ್ಠ 15 ದಿನ ಮೊದಲು. ಮೇ ಪ್ರವಾಸಕ್ಕೆ ಜನವರಿ-ಫೆಬ್ರವರಿಯಲ್ಲೇ ಹಾಕುವುದು ಕ್ಷೇಮ; ಮಾರ್ಚ್ ದಾಟಿದರೆ ಸ್ಲಾಟ್ ಸಿಗುವುದೇ ಕಷ್ಟ. ದೊಡ್ಡವರಿಗೆ ಶುಲ್ಕ 90 ಯೂರೊ, ಪ್ರವಾಸ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದು. ಕೋಣೆಯ ಬಾಡಿಗೆಯಲ್ಲಿ ಸೇರದ ಸರ್ಕಾರಿ ತೆರಿಗೆಯೊಂದನ್ನು ಹೋಟೆಲಿನಲ್ಲೇ ಕಟ್ಟಬೇಕು: 2025ರಿಂದ ಏಪ್ರಿಲ್–ಅಕ್ಟೋಬರ್ ಅವಧಿಗೆ ಮೂರು ನಕ್ಷತ್ರದ ಹೋಟೆಲಿಗೆ ರಾತ್ರಿಗೆ 5 ಯೂರೊ, ನಾಲ್ಕಕ್ಕೆ 10, ಐದಕ್ಕೆ 15. ಇದು ತಲೆಗಲ್ಲ, ಕೋಣೆಗೆ.

ಕಾರು ಬಾಡಿಗೆಗೆ ಹಿಡಿಯುವವರು ಆರ್‌ಟಿಒದಿಂದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡೇ ಹೊರಡಬೇಕು. ಮೂಲ ಲೈಸೆನ್ಸ್ ಕೂಡ ಕೈಲಿರಬೇಕು. ಅಲ್ಲಿ ಬಲಬದಿಯ ಸಂಚಾರ. ಗೇರಿಲ್ಲದ ಆಟೊಮ್ಯಾಟಿಕ್ ಕಾರುಗಳು ಕಡಿಮೆ, ಮೊದಲು ಖಾಲಿಯಾಗುವುದೂ ಅವೇ. ಹೆರಾಕ್ಲಿಯಾನ್–ಖಾನಿಯಾ ಹೆದ್ದಾರಿ ಸುಮಾರು 140 ಕಿ.ಮೀ., ಎರಡೂವರೆ ಗಂಟೆ ಎಂದು ಲೆಕ್ಕ ಹಾಕಿ. ಹಿಂದಿನ ಕಾರಿಗೆ ಜಾಗ ಕೊಡಲು ಎಲ್ಲರೂ ಬಲಗಡೆಯ ಅಂಚುಪಟ್ಟಿಯ ಮೇಲೆ ಅರ್ಧ ಸರಿದು ಓಡಿಸುತ್ತಾರೆ. ನೀವೂ ಹಾಗೆ ಸರಿಯಲೇಬೇಕೆಂದಿಲ್ಲ, ತಿರುವಿನಲ್ಲಂತೂ ಬೇಡ; ಆ ಪಟ್ಟಿಯ ಮೇಲೆ ಕೆಟ್ಟು ನಿಂತ ಗಾಡಿ ಇರಬಹುದು. ಮಳೆ ಬಿದ್ದ ಮೊದಲ ದಿನ, ಅಂದರೆ ಹೆಚ್ಚಾಗಿ ಅಕ್ಟೋಬರ್‌ನಲ್ಲಿ, ಬೇಸಿಗೆಯಿಡೀ ಕೂತ ದೂಳು ಮತ್ತು ಎಣ್ಣೆ ಸೇರಿ ರಸ್ತೆ ಜಾರುತ್ತದೆ. ಅಂದು ಬೆಟ್ಟದ ದಾರಿ ಬಿಟ್ಟು ಊರಲ್ಲೇ ಇದ್ದುಬಿಡಿ.